ಗ್ರಹಣವಿಲ್ಲದ ದಿನ ನಿಂತ ಒನಕೆ

ನನ್ನ ಮೊಮ್ಮಗಳು ಚೈತ್ರಳಿಗೆ ಭೌತಶಾಸ್ತ್ರ ಓದಲು ಸೀಟು ಸಿಕ್ಕಿತು! ಬೆಳಿಗ್ಗೆ ಮೊಬೈಲ್ ಹಿಡಿದುಕೊಂಡು ಓಡಿಬಂದು ಹೇಳಿದಳು. ತರೀಕೆರೆಯ ನಮ್ಮ ಬೀದಿಯ ಮನೆಮನೆಗೂ ಹೋಗಿ ನಾನೇ ಸಕ್ಕರೆ ಹಂಚಿ ಬಂದೆ.

"ಅದೇನ್ ಓದು ಅಜ್ಜಿ, ಡಾಕ್ಟರಾ?" ಎಂದಳು ಎದುರುಮನೆಯಾಕೆ.

"ಅಲ್ಲ ಕಣೇ. ಯಾರೋ ಹೇಳಿದ್ರು ಅಂತ ನಂಬ್ದೆ, ಮಾಡಿ ನೋಡೋ ಓದು!"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದು ಹೇಗೆ ಗೊತ್ತು ಅನ್ನುತ್ತೀರಾ? ಆ ಓದನ್ನು ನಾನೂ ಒಂದೇ ಒಂದು ದಿನ ಓದಿದ್ದೇನೆ.

ಆಗಿನ ಗ್ರಹಣಗಳು ನಿಮಗೂ ನೆನಪಿರಬೇಕು. ಅಜ್ಜಂಪುರದ ಹತ್ತಿರ ನಮ್ಮೂರು. ಎಂಬತ್ತರ ಸುಮಾರು, ಮನೆತುಂಬ ಅವರೆಕಾಯಿ ಸೊಗಡಿನ ವಾಸನೆ ಇದ್ದ ಕಾಲ, ಸೂರ್ಯಗ್ರಹಣ ಬಂತು. ಕಿಟಕಿಗೆ ಗೋಣಿತಾಟು, ಉಪ್ಪಿನಕಾಯಿ ಜಾಡಿಯ ಮೇಲೆ ಗರಿಕೆ, ಮಕ್ಕಳ ಹೊಟ್ಟೆ ಖಾಲಿ. ಅಪ್ಪನ ತಾಯಿ, ನಮ್ಮಜ್ಜಿ, ಪ್ರತಿ ಗ್ರಹಣಕ್ಕೂ ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸಿ ಕೈಬಿಡುತ್ತಿದ್ದರು. ಒನಕೆ ನಿಂತರೆ ಗ್ರಹಣ ಹಿಡಿದಿದೆ ಎಂದು ಲೆಕ್ಕ. ಬೀದಿಯ ಹೆಂಗಸರೆಲ್ಲ ಸುತ್ತ ಕೂತು ಕೈಮುಗಿಯುತ್ತಿದ್ದರು. ಗ್ರಹಣ ಬಿಟ್ಟೊಡನೆ ಬೀಳುತ್ತದಂತೆ. ಬೀಳುವುದನ್ನು ಮಾತ್ರ ಯಾರೂ ನೋಡಿರಲಿಲ್ಲ, ಬಿಡುವ ಹೊತ್ತಿಗೆ ಅಜ್ಜಿಯೇ ಎತ್ತಿಡುತ್ತಿದ್ದರು. ಬೇರೆ ದಿನ ನಿಲ್ಲಿಸಿದರೆ ಮನೆಗೆ ಕೇಡು, ಹಾಗಾಗಿ ಯಾರೂ ನಿಲ್ಲಿಸುತ್ತಿರಲಿಲ್ಲ.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: "ಮೊದ್ಲು ತಲೇಲಿ ಮಾಡಿ ನೋಡಿ, ಆಮೇಲೆ ಕೈಯಲ್ಲಿ." ನಾನು ತಲೆಯಲ್ಲಿ ಮಾಡಿ ನೋಡಿದೆ. ಅಷ್ಟು ದೂರದ ಸೂರ್ಯ ನಮ್ಮ ಒನಕೆಯನ್ನು ಹಿಡಿದುಕೊಳ್ಳುವುದಾದರೆ, ಪಕ್ಕದಲ್ಲೇ ಇದ್ದ ಪೊರಕೆಯನ್ನು ಯಾಕೆ ಬಿಟ್ಟ?

ಗ್ರಹಣದ ಮಾರನೇ ದಿನ ಹೆಂಗಸರು ನಮ್ಮ ಪಡಸಾಲೆಯಲ್ಲಿ ಅವರೆ ಸುಲಿಯುತ್ತಿದ್ದರು. ನಾನು ತಟ್ಟೆ ಇಟ್ಟು ಒನಕೆ ನಿಲ್ಲಿಸಿದೆ. ನಿಂತಿತು!

"ಲೇ, ತೆಗ್ಯೇ ಅದನ್ನ!" ಅಜ್ಜಿ ಕೂಗಿದರು.

"ತಾನಾಗೇ ಬೀಳುತ್ತೆ ಅಂತೀಯಲ್ಲಜ್ಜಿ, ಬೀಳ್ಲಿ ಬಿಡು."

ಬೀಳಲಿಲ್ಲ. ಪಕ್ಕದ ಮನೆಯ ಗಂಗಕ್ಕ ನಕ್ಕೇಬಿಟ್ಟಳು. "ಅಯ್ಯೋ ಶಿವನೇ, ಇಷ್ಟ್ ವರ್ಷ ಹೊಟ್ಟೆ ಕಟ್ಕೊಂಡು ಇದನ್ನೇ ನೋಡಿದ್ವಾ?"

ಅಜ್ಜಿ ಎದ್ದು ಒಳಗೆ ಹೋದರು. ಸಂಜೆ ಅಪ್ಪಾಜಿ ನನ್ನನ್ನು ಕಂಬದ ಹತ್ತಿರ ನಿಲ್ಲಿಸಿಕೊಂಡರು.

"ಗ್ರಹಣದ ಸತ್ವ ಇನ್ನೂ ಇತ್ತು, ಅದಕ್ಕೇ ನಿಂತ್ಕೊಳ್ತು ಅಂತ ಆ ಹೆಂಗಸ್ರೆಲ್ರ ಮುಂದೆ ಹೇಳು. ಜೂನಲ್ಲಿ ಹೈಸ್ಕೂಲಿಗೆ ಹಾಕ್ತೀನಿ."

"ಹೇಳ್ದಿದ್ರೆ?"

"ಮನೇಲಿರು."

"ಇರ್ತೀನಿ. ಸುಳ್ಳು ಹೇಳಲ್ಲ."

ಜೂನ್ ಬಂತು. ಗೆಳತಿಯರು ನೀಲಿ ಲಂಗ ಉಟ್ಟು ಬಸ್ಸು ಹತ್ತಿದರು. ನಾನು ಹೊಲಕ್ಕೆ ಬುತ್ತಿ ಹೊತ್ತೆ. ಅತ್ತಿದ್ದು ನಿಜ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವತ್ತು ಕೇಳಿದರೂ ತೆಗೆದುಕೊಳ್ಳುವುದಿಲ್ಲ.

ಒಂದು ಮಾತ್ರ ನೋಯುತ್ತದೆ. ಅಜ್ಜಿ ಮತ್ತೆಂದೂ ಒನಕೆ ನಿಲ್ಲಿಸಲಿಲ್ಲ. ಮುಂದಿನ ಗ್ರಹಣಕ್ಕೆ ಬೀದಿಯ ಹೆಂಗಸರು ಅವರವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದರು, ಅರ್ಧ ಕಂಡಿದ್ದರು, ಅಷ್ಟೆ. ಮನಸ್ಸಿಗೆ ಹಿತವಾದ ಜಾಗ ಸಿಕ್ಕರೆ ಮನುಷ್ಯರು ಅಲ್ಲಿಂದಾಚೆ ನೋಡುವುದಿಲ್ಲ. ಈಗ ಆ ಪಡಸಾಲೆಯಿಲ್ಲ, ಆ ಹೆಂಗಸರೂ ಇಲ್ಲ. ನನ್ನ ಹೈಸ್ಕೂಲಂತೂ ಬರಲೇ ಇಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಚೈತ್ರ ಕೇಳಿದ್ದೇನು ಗೊತ್ತೇ?

"ಎಷ್ಟ್ ಸಲ ಮಾಡಿ ನೋಡ್ದೆ ಅಜ್ಜಿ?"

"ಒಂದೇ ಸಲ."

"ಒಂದ್ ಸಲ ಸಾಲಲ್ಲ!"

"ಇನ್ನೊಂದ್ ಸಲ ಮಾಡೋಕೆ ಬಿಟ್ರೇನೇ?"

ತವರಿಂದ ನಾನು ತಂದಿಟ್ಟುಕೊಂಡಿದ್ದ ಅದೇ ಒನಕೆಯನ್ನು ಅವಳು ಅಟ್ಟದಿಂದ ಇಳಿಸಿದಳು. ಮೊದಲ ಸಲ ನಾನು ಕೈಬಿಟ್ಟೊಡನೆ ಬಿತ್ತು. ಎರಡನೇ ಸಲ ನಿಂತಿತು. ಮೂರನೇ ಸಲ ಅವಳೇ ನಿಲ್ಲಿಸಿದಳು.

"ಅಮ್ಮಾ, ತೆಗಿ, ಸಾರಿನ ಮೇಲೆ ಬಿದ್ದೀತು," ಎಂದ ಮಗ.

"ಇರ್ಲಿ ಬಿಡೋ. ಒಬ್ಬಟ್ಟಿಗೆ ತುಪ್ಪ ಹಾಕ್ಕೋ."

ಒನಕೆ ನಡುವೆ ನಿಂತೇ ಇತ್ತು. ನಾವೆಲ್ಲ ಅದರ ಸುತ್ತ ಕೂತು ಹೊಟ್ಟೆ ತುಂಬ ಉಂಡೆವು.