ಎಂಟೂವರೆಯ ಫೋನು

ಕೆಲ್ಡೇಲ್ ಮಹಲಿನ ದೊಡ್ಡ ಲಾರ್ಡ್ ಒಮ್ಮೆ ಕೆಮ್ಮಿದರೆ ಸಾಕು, ಡಾಕ್ಟರಿಗಿಂತ ಮೊದಲು ಕ್ಲೆಮೆಂಟ್ ಆಂಬ್ಲರನ ಎದೆ ಡವಗುಟ್ಟುತ್ತಿತ್ತು. ಮುದುಕನ ಮೇಲಿನ ಪ್ರೀತಿಯಿಂದಲ್ಲ. ಲಾರ್ಡ್‌ರ ಮಗ ಲಯನೆಲನಿಗೆ ಆಂಬ್ಲರ್ ಚುನಾವಣಾ ಏಜೆಂಟ್. ಲಯನೆಲ್ ಜನ ಆರಿಸಿ ಕಳಿಸಿದ ಕೆಳಮನೆಯ ಸದಸ್ಯ. ಅಪ್ಪ ಕಣ್ಣು ಮುಚ್ಚಿದ ಗಳಿಗೆಗೆ ಪದವಿ ಮಗನ ಹೆಗಲೇರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಲಾರ್ಡ್ ಆದವನಿಗೆ ಕೆಳಮನೆಯಲ್ಲಿ ಜಾಗವಿಲ್ಲ. ಗೆದ್ದ ಕುರ್ಚಿ ಬಿಟ್ಟು, ಮೇಲ್ಮನೆಯ ಕೆಂಪು ಬೆಂಚಿನಲ್ಲಿ ತೂಕಡಿಸುವ ಮುದುಕರ ಜೊತೆ ಹೋಗಿ ಕೂರಬೇಕು. ಮುಂದಿನ ಸಂಪುಟದಲ್ಲಿ ಮಂತ್ರಿಯಾಗುತ್ತಾನೆಂದು ಪತ್ರಿಕೆಗಳು ಬರೆಯುತ್ತಿದ್ದ ಹುಡುಗನ ಭವಿಷ್ಯವೆಲ್ಲ ಎಪ್ಪತ್ತೆಂಟರ ಒಂದು ಜೋಡಿ ಶ್ವಾಸಕೋಶದ ಮೇಲೆ ನಿಂತಿತ್ತು.

ಹಾಗಾಗಿ ಆಂಬ್ಲರ್ ಪ್ರತಿ ಅಕ್ಟೋಬರಿನಲ್ಲಿ ಮಹಲಿಗೆ ಉಣ್ಣೆಯ ಮಫ್ಲರ್ ಕಳಿಸುತ್ತಿದ್ದ. ಚರ್ಚಿನಲ್ಲಿ ಲಾರ್ಡ್‌ರ ಆರೋಗ್ಯಕ್ಕೆ ಪ್ರಾರ್ಥನೆ ಬಂದಾಗ ಅವನ 'ಆಮೆನ್' ಕೊನೆಯ ಸಾಲಿನವರೆಗೂ ಕೇಳುತ್ತಿತ್ತು.

"ಕಟ್ಕೊಂಡ ಹೆಂಡತಿಗೆ ನೆಗಡಿ ಆದ್ರೆ ಒಂದು ಲೋಟ ಬಿಸಿ ನಿಂಬೆ ನೀರಿಗೂ ಗತಿ ಇಲ್ಲ, ಆ ಮುದುಕನಿಗೆ ಮಫ್ಲರ್ರಂತೆ!" ಎಂದು ಹೆಂಡತಿ ಈನಿಡ್ ಮೂತಿ ತಿರುವುತ್ತಿದ್ದಳು.

"ನೀನು ಸತ್ರೆ ಉಪಚುನಾವಣೆ ಆಗಲ್ವಲ್ಲೇ," ಎನ್ನುತ್ತಿದ್ದ ಆಂಬ್ಲರ್.

ಅವನು ಹುಟ್ಟಿದ್ದು ಮಹಲಿಗೆ ಹನ್ನೆರಡು ಮೈಲಿ ಆಚೆಯ ಸ್ಕಾರ್‌ಬೆಕ್ ಕಣಿವೆಯಲ್ಲಿ, ಕುರಿ ಕಾಯುವವನ ಮಗನಾಗಿ. ಬಿತ್ತನೆ ಬೀಜದ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ಪಕ್ಷದ ಕೆಲಸಕ್ಕೆ ಬಿದ್ದ. ೧೯೫೦ರಲ್ಲಿ ಲಯನೆಲ್ ಮೊದಲ ಸಲ ನಿಂತಾಗ, ಯಾರ ಮನೆಯ ಮುಂದೆ ಟೋಪಿ ತೆಗೆಯಬೇಕು, ಯಾರ ನಾಯಿಯನ್ನು ಹೊಗಳಬೇಕು ಎಂದು ಕೈಹಿಡಿದು ಕಲಿಸಿದವನು ಅವನೇ. ಚಹಾ ಬೇಡವೆಂದರೆ ಓಟು ಹೋಯಿತು ಎಂದು ಹೆದರಿಸಿ ಒಂದೇ ದಿನ ಹದಿನಾಲ್ಕು ಕಪ್ ಕುಡಿಸಿದ್ದ. ಗೆದ್ದ ಮಧ್ಯಾಹ್ನ ಲಯನೆಲ್ ಅವನ ಭುಜ ಹಿಡಿದು, "ಆಂಬ್ಲರ್, ಇದು ನಿನ್ನ ಗೆಲುವು," ಎಂದ. ಅಲ್ಲಿಯವರೆಗೆ ಅವನು 'ಮಿಸ್ಟರ್ ಆಂಬ್ಲರ್' ಆಗಿದ್ದ. ಆ ಮನೆತನಗಳಲ್ಲಿ ಬರೀ ಹೆಸರು ಹಿಡಿದು ಕರೆಯುವುದು ತಮ್ಮವರನ್ನು, ಜೊತೆಗೆ ಓದಿದವರನ್ನು ಮಾತ್ರ.

"ಇದ್ದ ಒಂದು ಮಿಸ್ಟರನ್ನೂ ಕಿತ್ಕೊಂಡ, ನೀವು ಹಲ್ಲು ಕಿರೀತಿದೀರಲ್ಲ," ಎಂದಳು ಈನಿಡ್. ಅವಳಿಗೆ ತಿಳಿಯದು. ಆಂಬ್ಲರನಿಗೆ ಅದಕ್ಕಿಂತ ದೊಡ್ಡ ಪದಕ ಯಾರೂ ಕೊಟ್ಟಿರಲಿಲ್ಲ.

ಅಪ್ಪ ಮಗನ ನಡುವೆ ಮಾತು ನಿಂತದ್ದು ೧೯೫೪ರಲ್ಲಿ. ಬೆಟ್ಟದ ಬಯಲುಗಳನ್ನು ನಡೆದಾಡುವ ಸಾಮಾನ್ಯ ಜನಕ್ಕೆ ತೆರೆಯಬೇಕೆಂದು ಲಯನೆಲ್ ಸಂಸತ್ತಿನಲ್ಲಿ ವಾದಿಸಿದ. ಅಪ್ಪ ಹಕ್ಕಿ ಬೇಟೆಯಾಡುತ್ತಿದ್ದದ್ದೇ ಅಂಥ ಬಯಲಿನಲ್ಲಿ. ಆಮೇಲೆ ಮಹಲಿನಿಂದ ಲಂಡನ್ನಿನಲ್ಲಿದ್ದ ಮಗನಿಗೆ ಏನು ಹೇಳಬೇಕಿದ್ದರೂ ಅದು ಆಂಬ್ಲರನ ಕಚೇರಿಯ ಫೋನಿನ ಮೂಲಕವೇ ಹೋಗಬೇಕು ಎಂದಾಯಿತು. ಮುದುಕನ ಹಟ ಅದು. ಆಂಬ್ಲರನಿಗೆ ಒಳಗೊಳಗೇ ಹೆಮ್ಮೆ.

೧೯೫೭ರ ಮೇ ತಿಂಗಳಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಆ ಫೋನು ಬಡಿದುಕೊಂಡಿತು. ಮಹಲಿನ ಮನೆವಾರ್ತೆ ನೋಡುವ ಮಿಸೆಸ್ ಗಾರ್ತ್. ತಾಯಿಯಿಲ್ಲದ ಲಯನೆಲನನ್ನು ಎತ್ತಿ ಆಡಿಸಿ ಬೆಳೆಸಿದವಳು.

"ಯಜಮಾನರಿಗೆ ಲಕ್ವ ಹೊಡೆದಿದೆ. ಸಂಜೆ ದಾಟೋದು ಕಷ್ಟ ಅಂತಾರೆ ಡಾಕ್ಟ್ರು. ಮಾತು ಇನ್ನೂ ಇದೆ, ಮಗನ್ನ ಕರೆಸು ಅಂತಿದಾರೆ. ಬೇಗ ತಿಳಿಸಿ, ಮಿಸ್ಟರ್ ಆಂಬ್ಲರ್."

"ಈಗಲೇ ಹೇಳ್ತೀನಮ್ಮ," ಎಂದ ಆಂಬ್ಲರ್. ರಿಸೀವರ್ ಇಟ್ಟು, ಕೈ ಅದರ ಮೇಲೆಯೇ ಬಿಟ್ಟು ಕುಳಿತ.

ಅವತ್ತೇ ಸಂಸತ್ತಿನಲ್ಲಿ ಸ್ಕಾರ್‌ಬೆಕ್ ಮಸೂದೆ. ದೂರದ ನಗರವೊಂದರ ಕುಡಿಯುವ ನೀರಿಗಾಗಿ ಕಣಿವೆಗೆ ಅಣೆಕಟ್ಟು ಕಟ್ಟುವುದು, ಮೂವತ್ತೊಂದು ಮನೆಗಳನ್ನೂ ಚರ್ಚನ್ನೂ ಮುಳುಗಿಸುವುದು. ನಾಲ್ಕು ಗಂಟೆಗೆ ಲಯನೆಲ್ ಅದರ ವಿರುದ್ಧ ಮಾತಾಡಬೇಕು, ಏಳಕ್ಕೆ ಮತದಾನ. ಆ ಚರ್ಚಿನ ಅಂಗಳದಲ್ಲಿ ಆಂಬ್ಲರನ ತಾಯಿಯ ಗೋರಿಯಿತ್ತು. ಈಗ ಹೇಳಿದರೆ ಹುಡುಗ ಎಲ್ಲ ಬಿಟ್ಟು ರೈಲು ಹತ್ತುತ್ತಾನೆ. ಸಂಜೆಯೊಳಗೆ ಮುದುಕ ಹೋದರೆ ಭಾಷಣವೂ ಇಲ್ಲ, ಸದಸ್ಯನೂ ಇಲ್ಲ. ಡಾಕ್ಟರುಗಳು ಹೀಗೆಯೇ ಹೆದರಿಸುತ್ತಾರೆ, ಕಳೆದ ಚಳಿಗಾಲದಲ್ಲೂ ಹೆದರಿಸಿದ್ದರಲ್ಲ? ಏಳು ಗಂಟೆಗೆ ಹೇಳಿದರಾಯಿತು. ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸು ಕೇಳಲಿಲ್ಲ, ಆದರೂ ಅವನು ಫೋನು ಎತ್ತಲಿಲ್ಲ.

ಹನ್ನೊಂದಕ್ಕೆ ಮಿಸೆಸ್ ಗಾರ್ತ್ ಮತ್ತೆ ಮಾಡಿದಳು. "ಹೇಳಿದೀರಾ?"

"ಹೇಳಿದೀನಿ. ರೈಲಿನಲ್ಲಿರ್ತಾರೆ."

ಎರಡು ಗಂಟೆಗೆ ಮತ್ತೆ ಕೇಳಿದಳು. ಆಗಲೂ ಅದೇ ಸುಳ್ಳು.

ಮುದುಕ ನಾಲ್ಕು ಇಪ್ಪತ್ತಕ್ಕೆ ಸತ್ತ. ಲಯನೆಲ್ ಆಗ ಸ್ಕಾರ್‌ಬೆಕ್‌ನ ಒಂದೊಂದು ಮನೆಯನ್ನೂ ಹೆಸರು ಹಿಡಿದು ಹೇಳುತ್ತಿದ್ದ. ಆ ಪಟ್ಟಿ ಬರೆದುಕೊಟ್ಟವನೂ ಆಂಬ್ಲರನೇ. ಕೊನೆಯ ಕಾಲು ಗಂಟೆ ಅಲ್ಲಿ ನಿಂತು ಮಾತಾಡಿದವನು ಆಗಲೇ ಲಾರ್ಡ್ ಆಗಿದ್ದ, ಪಾಪ, ಅವನಿಗೆ ಗೊತ್ತಿರಲಿಲ್ಲ. ಹನ್ನೊಂದು ಮತಗಳ ಅಂತರದಲ್ಲಿ ಮಸೂದೆ ಬಿತ್ತು. ಏಳೂಕಾಲಿಗೆ ಆಂಬ್ಲರ್ ಲಂಡನ್ನಿಗೆ ಫೋನು ಮಾಡಿ, "ಸರ್, ಈಗ ತಾನೇ ಸುದ್ದಿ ಬಂತು," ಎಂದ.

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಇದ್ದಕ್ಕಿದ್ದ ಹಾಗೇನಾ?"

"ಇದ್ದಕ್ಕಿದ್ದ ಹಾಗೇ, ಸರ್."

ಶವಸಂಸ್ಕಾರದ ದಿನ ಮಿಸೆಸ್ ಗಾರ್ತ್ ಆಂಬ್ಲರನನ್ನು ಗೋಡೆಯ ಪಕ್ಕಕ್ಕೆ ಎಳೆದಳು. "ಹೊರಗೆ ಗಾಡಿ ಸದ್ದಾದಾಗೆಲ್ಲ ಬಂದನಾ ಅಂತ ಕೇಳ್ತಿದ್ರು. ಬಯಲಿನ ವಿಷಯದಲ್ಲಿ ಹುಡುಗ ಹೇಳಿದ್ದೇ ಸರಿ, ಅದನ್ನ ಅವನಿಗೆ ನಾನೇ ಹೇಳ್ಬೇಕು ಅಂದ್ರು. ಮೂರು ಗಂಟೆವರೆಗೂ ಅಂದ್ರು. ನೀವು ತಿಳಿಸಿದ ಮೇಲೂ ಈ ಮಹಾರಾಯನಿಗೆ ಅಪ್ಪನಿಗಿಂತ ಭಾಷಣ ಹೆಚ್ಚಾಯ್ತಾ? ಇವನಿಗಾ ನಾನು ಉಣ್ಣಿಸಿ ಬೆಳೆಸಿದ್ದು?"

ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆಂಬ್ಲರ್ ಟೋಪಿಯ ಅಂಚು ತಿರುಗಿಸುತ್ತ ನಿಂತ. ಅವಳು ಲಯನೆಲನ ಮುಖವನ್ನೂ ನೋಡದೆ ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಮನೆಗೆ ಹೋದಳು. ಅವನು ಬರೆದ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಎರಡು ವರ್ಷದಲ್ಲಿ ಅಲ್ಲೇ ತೀರಿಕೊಂಡಳು.

"ನಾನೇನು ಮಾಡಿದೆ ಆಂಬ್ಲರ್? ನಿನಗೇನಾದ್ರೂ ಹೇಳಿದ್ದಳಾ?" ಎಂದು ಲಯನೆಲ್ ಎಷ್ಟು ಸಲ ಕೇಳಿದನೋ. ಇಲ್ಲ ಸರ್, ಇಲ್ಲ ಸರ್ ಎಂದು ಆಂಬ್ಲರ್ ಅಷ್ಟೇ ಸಲ ಹೇಳಿದ.

ಆರು ವರ್ಷ ಲಯನೆಲ್ ಕೆಂಪು ಬೆಂಚಿನಲ್ಲಿ ಕುಳಿತ. ಹೊಳೆಯ ಮೀನಿನ ಬಗ್ಗೆ, ಹಳೆಯ ಸೇತುವೆಗಳ ಬಗ್ಗೆ ಒಂಬತ್ತು ಜನರ ಮುಂದೆ ಮಾತಾಡಿದ. ನಲವತ್ತು ದಾಟಿದ ಮೇಲೆ ಅವನ ಬೆನ್ನು ಅಪ್ಪನ ಹಾಗೆಯೇ ಬಾಗಿತು. ಸ್ಕಾರ್‌ಬೆಕ್‌ನಲ್ಲಿ ಮಾತ್ರ ಮೊದಲಿನಂತೆಯೇ ಕುರಿಗಳು ಮೇಯುತ್ತಿದ್ದವು, ಜನ ಅವನ ಹೆಸರು ಹೇಳಿ ಬಿಯರ್ ಲೋಟ ಎತ್ತುತ್ತಿದ್ದರು. ಆಂಬ್ಲರ್ ತಾಯಿಯ ಗೋರಿಗೆ ಹೋಗುವುದನ್ನೇ ಬಿಟ್ಟಿದ್ದ. ನೀರು ನುಗ್ಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ ಎನ್ನಿಸುತ್ತಿತ್ತು ಅವನಿಗೆ.

೧೯೬೩ರಲ್ಲಿ ಕಾನೂನು ಬದಲಾಯಿತು. ಬೇಡವೆಂದವನು ಪದವಿಯನ್ನು ಬಿಟ್ಟುಕೊಡಬಹುದು, ಮತ್ತೆ ಜನರ ಮುಂದೆ ನಿಲ್ಲಬಹುದು. ಅದೇ ಶರತ್ಕಾಲದಲ್ಲಿ ಕ್ಷೇತ್ರವೂ ತೆರವಾಗುವುದರಲ್ಲಿತ್ತು. ಆಂಬ್ಲರ್ ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಮಹಲಿಗೆ ಓಡಿದ. ಎಲ್ಲ ಸರಿಮಾಡುವ ದಾರಿ ಸಿಕ್ಕಿತೆಂದು ದಾರಿಯುದ್ದಕ್ಕೂ ಅವನ ಕಣ್ಣು ಒದ್ದೆ.

"ಒಂದು ಸಹಿ ಸರ್! ಡಿಸೆಂಬರಿಗೆ ನಿಮ್ಮನ್ನ ಗೆಲ್ಲಿಸ್ತೀನಿ. ಹದಿನಾಲ್ಕು ಕಪ್ ಚಹಾ ಕುಡಿಯೋ ಶಕ್ತಿ ಇದೆ ತಾನೇ?"

ಲಯನೆಲ್ ನಕ್ಕ. ಆಮೇಲೆ ತಲೆಯಾಡಿಸಿದ.

"ಆಗಲ್ಲ ಆಂಬ್ಲರ್. ಮೂರು ವರ್ಷ ಅಪ್ಪ ನಾನು ಮಾತಾಡಿರಲಿಲ್ಲ. ಅಪ್ಪ ನನ್ನನ್ನ ಕ್ಷಮಿಸಿದ್ರೋ ಇಲ್ವೋ ಗೊತ್ತಿಲ್ಲ. ಅವರಿಂದ ನನಗೆ ಬಂದದ್ದು ಲಾರ್ಡ್ ಅನ್ನೋ ಈ ಹೆಸರೊಂದೇ. ಇದನ್ನೂ ಎಸೆದರೆ ಸತ್ತವರ ಜೊತೆ ಮತ್ತೆ ಜಗಳಕ್ಕೆ ನಿಂತ ಹಾಗೆ. ಅವತ್ತು ಒಂದು ಗಳಿಗೆ ಮುಖ ನೋಡಿ ಮಾತಾಡಿದ್ದಿದ್ರೆ, ನಾಳೆಯೇ ಸಹಿ ಹಾಕಿಬಿಡ್ತಿದ್ದೆ."

ಆಂಬ್ಲರನಿಗೆ ಈಗ ತಿಳಿಯಿತು. ಅವನು ಕದ್ದದ್ದು ಒಂದು ದಿನವನ್ನಲ್ಲ, ಈ ಮನುಷ್ಯನ ಇಡೀ ಬಾಳನ್ನು.

"ಮಿಸೆಸ್ ಗಾರ್ತ್ ಫೋನು ಮಾಡಿದ್ದು ಬೆಳಿಗ್ಗೆ, ಸರ್. ಎಂಟೂವರೆಗೆ," ಎಂದ. ಇನ್ನು ತಡೆಯಲಾಗದೆ ಎಲ್ಲ ಹೇಳಿದ. ಗಾಡಿ ಸದ್ದು, ಬಯಲಿನ ಮಾತು, ಅಪ್ಪ ಮೂರು ಗಂಟೆವರೆಗೂ ಮಗನೇ ಸರಿ ಎಂದದ್ದು, ಅವಳು ಪೆಟ್ಟಿಗೆ ಕಟ್ಟಿದ್ದು ಯಾಕೆಂದು.

ಲಯನೆಲ್ ಕಿಟಕಿಯತ್ತ ತಿರುಗಿದ. ಅಲ್ಲಿಂದಲೇ ಮೆಲ್ಲಗೆ ಹೇಳಿದ: "ಲಂಡನ್ನಿಂದ ಒಂಬತ್ತೂ ನಲವತ್ತಕ್ಕೆ ಒಂದು ರೈಲಿತ್ತು. ಎರಡು ಗಂಟೆಗೆ ನಾರ್ತಲರ್ಟನ್ ಸ್ಟೇಷನ್. ಇಲ್ಲಿಗೆ ಎರಡೂ ಮುಕ್ಕಾಲು."

"ಹೌದು ಸರ್."

ಇನ್ನು ಪದವಿ ಬಿಡಲು ಏನೂ ಅಡ್ಡಿಯಿರಲಿಲ್ಲ. ಅಪ್ಪನ ಕ್ಷಮೆ ಆರು ವರ್ಷ ತಡವಾಗಿಯಾದರೂ ಬಂದು ಮುಟ್ಟಿತ್ತು. ಸಹಿಯ ಕಾಗದ ಆಂಬ್ಲರನ ಜೇಬಿನಲ್ಲೇ ಇತ್ತು. ಅವನು ಅದನ್ನು ಮೇಜಿನ ಮೇಲಿಟ್ಟ. ಲಯನೆಲ್ ಅತ್ತ ನೋಡಲಿಲ್ಲ.

ಅವನೇ ಬಾಗಿಲವರೆಗೆ ಬಂದು, ಗೂಟದಿಂದ ಆಂಬ್ಲರನ ಕೋಟು ತೆಗೆದು, ತೋಳು ಹಾಕಿಕೊಳ್ಳಲು ಅನುವಾಗುವಂತೆ ಹಿಡಿದ. ಎಷ್ಟೆಂದರೂ ದೊಡ್ಡ ಮನೆಯವನು, ಮರ್ಯಾದೆಯಲ್ಲಿ ಒಂದಿಷ್ಟೂ ಕೊರತೆಯಿಲ್ಲ.

"ಹೊರಗೆ ತುಂಬಾ ಚಳಿ. ಹುಷಾರಾಗಿ ಹೋಗಿ, ಮಿಸ್ಟರ್ ಆಂಬ್ಲರ್," ಎಂದ.