ಚಂದ್ರ ಕಾಣದ ದಿನದ ಮಾತ್ರೆ

ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದೆಳೆಯೂ ನಾನು ಸೇರಿಸಿದ್ದಲ್ಲ.

ಸೂರ್ಯ ಇನ್ನೂ ಮುಖ ತೊಳೆದಿಲ್ಲ. ಗೋದಾಮಿನ ಗೇಟಿನ ಮುಂದೆ ಒಬ್ಬ ಹೆಂಗಸು ನೀರಿನ ಬಾಟಲಿ ಹಿಡಿದು ನಿಂತಿದ್ದಾಳೆ. ರಾತ್ರಿ ಕಾವಲು ಮುಗಿಸಿದ ತಾತ ಕೀಲಿಗೊಂಚಲು ಅಲ್ಲಾಡಿಸುತ್ತ ಹೊರಬರುತ್ತಾನೆ.

“ಬಂದ್ಲಪ್ಪ ನನ್ನ ಪೊಲೀಸು.”

“ಮಾತು ಆಮೇಲೆ ತಾತ, ಮೊದ್ಲು ನುಂಗು. ನಾಲಿಗೆ ಎತ್ತು, ನೋಡ್ತೀನಿ.”

ಅದು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಎಲ್ಲರೂ ಪೊಟ್ಟಣದಕ್ಕ ಎಂದು ಕರೆಯುವ ಈಕೆ ಇಪ್ಪತ್ತೆರಡು ವರ್ಷದಿಂದ ಔಷಧಿ ಅಂಗಡಿಯಲ್ಲಿ ಮಾತ್ರೆ ಕಟ್ಟುತ್ತಾಳೆ. ದಿನಕ್ಕೆ ನೂರೈವತ್ತು ಪೊಟ್ಟಣ. ಓದಲು ಬಾರದವರಿಗೆ ಪೊಟ್ಟಣದ ಮೇಲೆ ಚಿತ್ರ: ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಆ ಚಂದ್ರನ ಚೆಂದ ನೋಡಿ ಕಾಯಿಲೆ ಇಲ್ಲದವರೂ ಒಂದು ಪೊಟ್ಟಣ ಕೇಳುತ್ತಿದ್ದರು.

ಹೋದ ವರ್ಷ ತಾತ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಪೊಟ್ಟಣದಕ್ಕ ನೋಡಲು ಹೋದಾಗ ಅವನ ಹೆಂಡತಿ ಚೀಲ ಸುರಿದಳು. ಅರ್ಧಕ್ಕರ್ಧ ಮಾತ್ರೆ ಹಾಗೇ ಇದ್ದವು.

“ಯಾಕೆ ತಾತ ತಗೊಂಡಿಲ್ಲ?”

“ನೀನೇ ಚಂದ್ರನ್ನ ಬರ್ದಿದ್ದೆಯಲ್ಲಮ್ಮ. ಕಂಡ ದಿನ ಒಂದೂ ತಪ್ಪಿಸ್ಲಿಲ್ಲ. ಮೋಡ ಮುಚ್ಕೊಂಡ್ರೆ ನಾನೇನ್ ಮಾಡ್ಲಿ?”

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಈಕೆಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಚಿತ್ರ ಚೆನ್ನಾಗಿ ಬರೀತೀನಿ ಅಂತ ಉಬ್ಬಿದ್ದೆ. ಯಾವಾಗ ನುಂಗ್ತೀಯ ಅಂತ ಒಂದ್ ಮಾತು ಕೇಳಿರ್ಲಿಲ್ಲ,” ಎನ್ನುವಾಗ ಆಕೆ ಇವತ್ತಿಗೂ ತಲೆ ಎತ್ತುವುದಿಲ್ಲ.

ಡಾಕ್ಟರು ಬೈಯಲಿಲ್ಲ. “ತಾತನ ಮಾತ್ರೆ ಹಗಲಾದ್ರೂ ಸರಿ, ರಾತ್ರಿಯಾದ್ರೂ ಸರಿ. ದಿನಾ ಒಂದೇ ಹೊತ್ತಿಗೆ ಹೋಗ್ಬೇಕು. ರಾತ್ರಿನೇ ತಗೋಬೇಕಾದವೂ ಕೆಲವು ಇವೆ, ನನ್ನ ಕೇಳ್ಕೊಂಡು ಚಿತ್ರ ಬರಿ,” ಎಂದರು.

ಅಂದಿನಿಂದ ಪ್ರತಿ ಗಿರಾಕಿಗೂ ಒಂದೇ ಪ್ರಶ್ನೆ: ನೀವು ದಿನಾ ತಪ್ಪದೆ ಮಾಡುವ ಕೆಲಸ ಯಾವುದು? ಡಾಕ್ಟರು ಒಪ್ಪಿದರೆ ಅದೇ ಚಿತ್ರ. ಒಬ್ಬರಿಗೆ ಹಲ್ಲುಜ್ಜುವ ಬ್ರಷ್, ಒಬ್ಬರಿಗೆ ದಿಂಬು. ತಾತನಿಗೆ ಕೀಲಿಗೊಂಚಲು. ಆದರೂ ಮನಸ್ಸು ತಡೆಯದೆ ಅಂಗಡಿ ತೆರೆಯುವ ಮುಂಚೆ ಎರಡು ಬೀದಿ ನಡೆದು ಇಲ್ಲಿಗೆ ಬರುತ್ತಾಳೆ.

“ಇದನ್ನ ಪೇಪರಿಗೆ ಹಾಕ್ಬೇಡಿ, ನಾಚ್ಕೆ ಆಗುತ್ತೆ. ಹಾಕೋದೇ ಆದ್ರೆ, ತಾತ ಒಂದು ವರ್ಷದಿಂದ ಒಂದಿನಾನೂ ತಪ್ಪಿಸಿಲ್ಲ, ಅದನ್ನೂ ಹಾಕಿ,” ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ.

ಆಮೇಲೆ ಆಕೆಯ ಕಣ್ಣು ನನ್ನ ಅಂಗಿ ಜೇಬಿಗೆ ಬೀಳುತ್ತದೆ. ಅಲ್ಲಿ ನನ್ನದೂ ಅಂಥದೇ ಬೆಳಗಿನ ಮಾತ್ರೆ, ಮೂರು ದಿನದಿಂದ ಮುಟ್ಟದ್ದು.

“ನಿಮ್ಗೆ ಯಾವ ಚಿತ್ರ ಬರೀಲಿ ಸಾರ್?”

ಬಾಟಲಿ ನನ್ನ ಕೈಗೆ ಬರುತ್ತದೆ. ತಾತನ ಮುಂದೆ ನಾನೂ ನಾಲಿಗೆ ಎತ್ತಿ ತೋರಿಸಬೇಕಾಗುತ್ತದೆ.

ನನ್ನ ಮಾನವಂತೂ ಹೋಯಿತು. ಪೇಪರ್ ಮಡಚುವ ಮುಂಚೆ ನಿಮ್ಮ ಪೊಟ್ಟಣ ಹೊರಗೆ ತೆಗೆಯಿರಿ, ಎಷ್ಟು ಉಳಿದಿವೆ ನೋಡೋಣ.