ಹಪ್ಪಳದ ಡಬ್ಬದಲ್ಲಿ ಬಂದ ಹಾಡು

ನಮ್ಮ ದೊಡ್ಡಮ್ಮ ಕಟ್ಟಿದ ಲಗೇಜಿನಲ್ಲಿ ಒಂದು ಸಾಮಾನೂ ಕೆಟ್ಟಿದ್ದಿಲ್ಲ, ಒಡೆದಿದ್ದಿಲ್ಲ. ಇದು ದೇವರಾಜ ಮೊಹಲ್ಲಾದ ನಮ್ಮ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಆಕೆಯೇ ಹೇಳುತ್ತಿದ್ದರು. ಯಾರು ಊರಿಗೆ ಹೊರಟರೂ ಹಾಸಿಗೆ ಸುತ್ತಲು, ಟ್ರಂಕು ತುಂಬಲು ಆಕೆಗೇ ಕರೆ. ಆಕೆ ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿ ಕಾಶಿಗೆ ಹೋದರೂ ತೊಟ್ಟು ಎಣ್ಣೆ ಸೋರುತ್ತಿರಲಿಲ್ಲ.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಆಕೆಯ ಜೊತೆ ಮದರಾಸಿಗೆ ನೆಂಟರ ಮದುವೆಗೆ ಹೋದೆ. ನಾನಾಗ ಕಾಲೇಜು ಹುಡುಗಿ. ಮದುವೆ ನೆನಪಿಲ್ಲ. ನೆನಪಿರುವುದು ಛತ್ರದ ಎದುರಿನ ಅಂಗಡಿಯ ಗ್ರಾಮಫೋನು, ಅದರಲ್ಲಿ ದೇವಿಯ ಮೇಲೆ ಹಾಡುತ್ತಿದ್ದ ಒಬ್ಬ ಹೆಂಗಸಿನ ದನಿ. ಅಂಥ ದನಿ ಅದುವರೆಗೆ ಕೇಳಿರಲಿಲ್ಲ; ಒಳಗೆ ಎಲೆ ಹಾಕಿದ್ದರೂ ನಾನು ಬೀದಿಯಲ್ಲೇ ನಿಂತೆ. ದೊಡ್ಡಮ್ಮನನ್ನು ಕಾಡಿ ಬೇಡಿ ಆ ಹಾಡಿನ ಗ್ರಾಮಫೋನ್ ಪ್ಲೇಟು ಕೊಡಿಸಿಕೊಂಡೆ.

"ತೊಡೆ ಮೇಲಿಟ್ಕೊಂಡೇ ಬರ್ತೀನಿ" ಅಂದೆ.

"ಮಂಗನ ಕೈಗೆ ಮಾಣಿಕ್ಯ! ಬೆಂಗಳೂರಲ್ಲಿ ಗಾಡಿ ಬದಲಾಯಿಸ್ಬೇಕು ಕಣೇ, ಆ ನೂಕುನುಗ್ಗಲಲ್ಲಿ ಚೂರಾಗತ್ತೆ. ತಾ ಇಲ್ಲಿ" ಎಂದು ದೊಡ್ಡಮ್ಮ ಕಿತ್ತುಕೊಂಡರು.

ನಾವು ಚಕ್ಕುಲಿ ತುಂಬಿಕೊಂಡು ಹೋಗಿದ್ದ ಅಗಲವಾದ ತಗಡಿನ ಡಬ್ಬವನ್ನು, ಖಾಲಿ ಕೊಡಬಾರದೆಂದು ನೆಂಟರು ಹಪ್ಪಳ ತುಂಬಿ ಹಿಂದಿರುಗಿಸಿದ್ದರು. ಪ್ಲೇಟನ್ನು ಹಳೇ ಪಂಚೆಯಲ್ಲಿ ಸುತ್ತಿ ಆ ಹಪ್ಪಳಗಳ ನಡುವೆ ಮಲಗಿಸಿದರು.

ಮೈಸೂರಿನಲ್ಲಿ ಜಟಕಾ ಇಳಿದವಳೇ ನಾನು ಬಿದ್ದುಕೊಂಡು ನಿದ್ದೆ ಹೋದೆ. ದೊಡ್ಡಮ್ಮನಿಗೆ ನಿದ್ದೆಯೆಲ್ಲಿ? ಪ್ರಯಾಣ ಮಾಡಿದ ಹಪ್ಪಳ ಮೆತ್ತಗಾಗಿರುತ್ತದೆ, ಒಂದು ಬಿಸಿಲು ತೋರಿಸಬೇಕು ಅನ್ನುವುದು ಆಕೆಯ ಕೈಗೇ ಅಂಟಿದ ಅಭ್ಯಾಸ. ಪ್ಲೇಟಿನ ವಿಷಯ ಮರೆತು, ಮುಚ್ಚಳ ತೆಗೆದ ಡಬ್ಬವನ್ನು ಹಾಗೇ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ಬಂದರು.

ಸಂಜೆ ಡಬ್ಬ ಇಳಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪ್ಲೇಟು ತೆಗೆದು ನನ್ನ ಕೈಗಿತ್ತರು. "ನೋಡು, ಒಂದು ಗೀರಿಲ್ಲ!"

ಗೀರೇನೋ ಇರಲಿಲ್ಲ. ಅಂಚು ಮಾತ್ರ ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಡೊಂಕಾಗಿತ್ತು. ಅಳುವೇ ಬಂತು ನನಗೆ. ಆದರೆ ಆಕೆಯ ಮುಖದ ಹೆಮ್ಮೆ ನೋಡಿ ಹೇಳಲು ಬಾಯಿ ಬರಲಿಲ್ಲ.

ದೊಡ್ಡಪ್ಪನ ಗ್ರಾಮಫೋನಿಗೆ ಹಾಕಿದರೆ ಮುಳ್ಳು ಏಳುತ್ತಾ ಬೀಳುತ್ತಾ ಹೋಯಿತು, ದನಿ ಉದ್ದಕ್ಕೂ ಉಯ್ಯಾಲೆಯಾಡಿತು.

"ಏನೇ, ಹೀಗೆ ತೂಗ್ತಾಳೆ?"

"ಆಕೆ ಹಾಡೋದೇ ಹಾಗೆ, ದೊಡ್ಡಮ್ಮ."

"ಚೆನ್ನಾಗೇ ಇದೆ ಬಿಡು" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಸರಿ. ಆಕೆ ಅದನ್ನು ಕೇಳಿ ಕೇಳಿ ಕಲಿತೇಬಿಟ್ಟರು. ಸಾರಿಗೆ ಒಗ್ಗರಣೆ ಹಾಕುವಾಗ ತೂಗಾಟ, ಹೂ ಕಟ್ಟುವಾಗ ತೂಗಾಟ. ಕೊನೆಗೆ ನನ್ನ ಮದುವೆಯಲ್ಲಿ ಹಸೆಗೆ ಕೂರಿಸಿದಾಗಲೂ ಅದನ್ನೇ ಹಾಡಿದರು. ನನಗೆ ತಲೆ ಎತ್ತಲೂ ಭಯ. ಬೀಗರ ಕಡೆಯ, ಸಂಗೀತ ಬಲ್ಲ ಹಿರಿಯರೊಬ್ಬರು ತಲೆದೂಗಿ, "ಇದ್ಯಾವ ಪಾಠಾಂತರ ಕಣ್ರೀ? ನಾವು ಕೇಳಿದ್ದೇ ಇಲ್ಲ" ಅಂದರು.

"ಇದು ನಮ್ಮ ಮೈಸೂರಿಂದು" ಎಂದುಬಿಟ್ಟರು ದೊಡ್ಡಮ್ಮ!

ಗಂಡನ ಮನೆಗೆ ಹೊರಡುವ ದಿನ ನನ್ನ ಟ್ರಂಕನ್ನು ತುಂಬಿದವರೂ ಆಕೆಯೇ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಆ ಪ್ಲೇಟನ್ನಿಟ್ಟು, ಮುಚ್ಚಳ ಹಾಕಿ, ನನ್ನ ಮುಖ ನೋಡದೆ ಚಿಲಕ ಬಿಗಿಯುತ್ತಾ ಹೇಳಿದರು:

"ಇದನ್ನ ಬಿಸಿಲಿಗೆ ಇಡಬೇಡ ಕಣೇ. ನಾನು ಒಂದು ಸಲ ಒಣಗಿಸಿದ್ದೇ ಸಾಕು."